ಹಾಸಿನ ಮಣ್ಣು

ಕೋಣನಕುಂಟೆಯ ಬೈರಣ್ಣನಿಗೆ ಮಣ್ಣು ಮೂಸಿ ನೋಡುವ ಚಾಳಿ ಅರವತ್ತೆಂಟು ವರ್ಷವಾದರೂ ಹೋಗಿರಲಿಲ್ಲ. ಮನೆ ಕಟ್ಟುವವರು ರಸ್ತೆಗೆ ಸುರಿದ ಮರಳಾಗಲಿ, ಕೇಬಲಿನವರು ಅಗೆದು ಬಿಟ್ಟ ಗುಡ್ಡೆಯಾಗಲಿ, ಬಗ್ಗಿ ಒಂದು ಚಿಟಿಕೆ ಎತ್ತಿ, ಎರಡು ಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು, ಉದುರಿಸಿ ಮುಂದೆ ಹೋಗುವನು. ಗೊತ್ತಿಲ್ಲದವರು ಇಂಜಿನಿಯರ್ ಇರಬೇಕು ಅಂದುಕೊಳ್ಳುತ್ತಿದ್ದರು. ಹೆಂಡತಿ ಮರಿಯಮ್ಮ ಮಾತ್ರ, ಹೊಲ ಹೋದರೂ ಮೂಗು ಹೋಗಲಿಲ್ಲ ಎಂದು ನಗುತ್ತಿದ್ದಳು.

ಆ ಮೂಗನ್ನು ಪಳಗಿಸಿದವನು ಅವನ ಅಪ್ಪ. ಕನಕಪುರ ರಸ್ತೆಯ ಎರಡೂ ಕಡೆ ರಾಗಿ ಹೊಲಗಳಿದ್ದ ಕಾಲದಲ್ಲಿ ಅವರ ಮನೆತನಕ್ಕೆ ಒಂದು ಕೆಲಸ ಮೀಸಲಾಗಿತ್ತು: ಸಂಕ್ರಾಂತಿಯ ಬೆಳಿಗ್ಗೆ ಕೇರಿಯವರಿಗೆ ನರಿಯ ಮುಖ ತೋರಿಸುವುದು. ನರಿ ಮುಖ ನೋಡಿ ಎದ್ದರೆ ಒಳ್ಳೆಯದಾಗುತ್ತದೆ ಎಂದು ಎಲ್ಲರೂ ಬಾಯಿಮಾತಿಗೆ ಹೇಳುತ್ತಾರೆ. ಇವರ ಕೇರಿಯಲ್ಲಿ ಅದನ್ನು ನಿಜವಾಗಿಯೂ ಮಾಡುತ್ತಿದ್ದರು. ಹಬ್ಬಕ್ಕೆ ಎರಡು ದಿನ ಮೊದಲು ಒಂದು ನರಿಯನ್ನು ಹಿಡಿದು ಬುಟ್ಟಿಯಡಿ ಇಡುವುದು. ಹಬ್ಬದ ದಿನ ಹಣೆಗೆ ಕುಂಕುಮವಿಟ್ಟು, ಕಿವಿಗೆ ಹಳದಿ ದಾರ ಕಟ್ಟಿ, ಎಲ್ಲರೂ ಮುಖ ನೋಡಿ ಕೈಮುಗಿದ ಮೇಲೆ ಕೆರೆಯಂಚಿಗೆ ಒಯ್ದು ಬಿಟ್ಟುಬಿಡುವುದು. ನರಿಗೆ ಗಾಯವಾಗಬಾರದು. ಗಾಯವಾದರೆ ಆ ವರ್ಷ ಹಿಡಿದವರ ಮನೆಗೆ ಕೇಡು.

ಹಿಡಿಯುತ್ತಿದ್ದುದು ಕಬ್ಬಿಣದ ಕತ್ತರಿಯಿಂದ. ಎರಡು ದವಡೆ, ನಡುವೆ ಅಂಗೈಯಗಲದ ಒಂದು ತಟ್ಟೆ. ತಟ್ಟೆಗೆ ನಾಲಗೆ ಎನ್ನುತ್ತಿದ್ದರು. ನಾಲಗೆಯ ಮೇಲೆ ಕಾಲು ಬಿದ್ದರೆ ದವಡೆ ಮುಚ್ಚಿಕೊಳ್ಳುತ್ತದೆ. ದವಡೆಗೆ ಹಳೆ ಸೀರೆ ಸುತ್ತಿ, ನೆಲದಲ್ಲಿ ಗುಂಡಿ ತೋಡಿ ಕತ್ತರಿ ಕೂರಿಸಿ, ಮೇಲೆ ಮಣ್ಣು ಹಾಸುವುದು. ಆ ಮಣ್ಣಿಗೆ ಹಾಸು ಎಂದೇ ಹೆಸರು. ಕತ್ತರಿಯನ್ನು ಯಾರು ಬೇಕಾದರೂ ಇಡಬಹುದು, ಹಾಸು ಹಾಕುವುದೇ ವಿದ್ಯೆ ಎನ್ನುತ್ತಿದ್ದ ಅಪ್ಪ. ಧನುರ್ಮಾಸದ ಇಬ್ಬನಿಗೆ ಹಸಿ ಮಣ್ಣು ಬೆಳಗಾಗುವ ಹೊತ್ತಿಗೆ ಗಟ್ಟಿಯಾಗಿ ರೊಟ್ಟಿಯಾಗುತ್ತದೆ. ಆಗ ನಾಲಗೆ ತಡವಾಗಿ ಇಳಿಯುತ್ತದೆ, ದವಡೆ ತಡವಾಗಿ ಏಳುತ್ತದೆ, ಪಾದವನ್ನು ಹಿಡಿಯುವ ಬದಲು ಎಳೆದುಕೊಳ್ಳುತ್ತಿರುವ ಕಾಲಿನ ಮೂಳೆಯ ಮೇಲೆ ಬೀಳುತ್ತದೆ. ಹಾಗಾಗಿ ಹಾಸು ಒಣಗಿರಬೇಕು, ಹಗುರವಾಗಿರಬೇಕು, ಕಾಲಡಿಯಲ್ಲಿ ಸದ್ದು ಮಾಡಬಾರದು, ಯಾವ ವಾಸನೆಯೂ ಇರಬಾರದು. ಅಪ್ಪ ಕಾರ್ತಿಕದಲ್ಲೇ ಪಾಳು ಹುತ್ತದ ಮಣ್ಣು ತಂದು, ಬಟ್ಟೆಯಲ್ಲಿ ಜರಡಿ ಹಿಡಿದು, ಒಲೆಯ ಪಕ್ಕದ ಗುಡಾಣದಲ್ಲಿ ತುಂಬಿಡುತ್ತಿದ್ದ.

ಅಪ್ಪ ಹೋದ ಮೇಲೆ ಬೈರಣ್ಣ ಆರು ವರ್ಷ ಹಿಡಿದ. ಏಳನೆಯ ವರ್ಷ ಅಕಾಲದ ಮಳೆ ಬಂದು ಗುಡಾಣಕ್ಕೆ ಸೂರಿನ ನೀರು ಇಳಿಯಿತು. ಬೇರೆ ಮಣ್ಣು ಒಣಗಿಸುವಷ್ಟು ದಿನ ಉಳಿದಿರಲಿಲ್ಲ. ಕೆರೆಯಂಚಿನ ಮಣ್ಣನ್ನೇ ಹಾಸಿದ. ಸಿಕ್ಕಿದ ನರಿಯ ಮುಂಗಾಲು ಮುರಿದಿತ್ತು. ಆದರೂ ಕುಂಕುಮವಿಟ್ಟರು, ಮುಖ ನೋಡಿದರು, ಬಿಟ್ಟರು. ಮೂರು ದಿನದ ಮೇಲೆ ಕೆರೆಕೋಡಿಯ ಹತ್ತಿರ ಹದ್ದುಗಳು ಸುತ್ತುತ್ತಿದ್ದವು. ಆ ಬೇಸಿಗೆಯಲ್ಲಿ ಬೈರಣ್ಣನ ನಾಲ್ಕು ವರ್ಷದ ಮಗ ಜ್ವರ ಬಂದು ತೀರಿಕೊಂಡ. ಯಾರೂ ಆ ಎರಡನ್ನು ಸೇರಿಸಿ ಮಾತಾಡಲಿಲ್ಲ. ಬೈರಣ್ಣ ಕತ್ತರಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಆಮೇಲೆ ಹೊಲಗಳು ಸೈಟುಗಳಾದವು. ನರಿ ಹಿಡಿದರೆ ಜೈಲು ಎಂದಾಯಿತು. ಹಳೆ ಮನೆ ಕೆಡವಿ ಮೂರಂತಸ್ತು ಕಟ್ಟಿದಾಗ ಗೋಣಿ ಬಿಚ್ಚದ ಕತ್ತರಿ ಹೊಸ ಅಟ್ಟಕ್ಕೆ ಹತ್ತಿತು.

ಈ ಸಲ ಧನುರ್ಮಾಸ ಹುಟ್ಟಿದ ವಾರ ಅವನ ಅಕ್ಕ ಅಣ್ಣಮ್ಮ ಬಿಟಿಎಂ ಲೇಔಟಿನಿಂದ ಆಟೋದಲ್ಲಿ ಬಂದಳು. ಅಣ್ಣಮ್ಮ ಬರೀ ಅಕ್ಕನಲ್ಲ, ಬೀಗಿತ್ತಿಯೂ ಹೌದು. ಬೈರಣ್ಣನಿಗೆ ಉಳಿದ ಒಬ್ಬಳೇ ಮಗಳು ಸೌಮ್ಯಳನ್ನು ಅಕ್ಕನ ಮಗ ನಂದಕುಮಾರನಿಗೇ ಕೊಟ್ಟಿತ್ತು. ಅವನಿಗೆ ಮಡಿವಾಳದಲ್ಲಿ ಎರಡು ಪಿಜಿ ಕಟ್ಟಡಗಳು, ಒಳ್ಳೆಯ ಹುಡುಗ, ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆ ಒಂದೇ. ಸೌಮ್ಯಳ ಮೊದಲ ಬಸಿರು ಏಳು ತಿಂಗಳಿಗೇ ಹೋಗಿತ್ತು. ಎರಡನೆಯ ಮಗು ಹುಟ್ಟಿದ ದಿನವೇ ಹೋಯಿತು. ಈಗ ಮೂರನೆಯದು, ಏಳು ತುಂಬಿತ್ತು.

ಎರಡನೆಯದನ್ನು ಬನಶಂಕರಿಯ ಸ್ಮಶಾನಕ್ಕೆ ಒಯ್ದವನು ಬೈರಣ್ಣನೇ. ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಸುತ್ತಿ ಕೈಗೆ ಕೊಟ್ಟಿದ್ದರು. ತಾಯಿಗೆ ತೋರಿಸಬೇಡಿ, ಮುಖ ನೋಡಿದರೆ ಮಾಯೆ ಕಟ್ಟಿಕೊಳ್ಳುತ್ತದೆ ಎಂದು ಹಿರಿಯರು ಹೇಳಿದ್ದರಿಂದ ಬಟ್ಟೆ ಬಿಚ್ಚದೆ ಒಯ್ದು, ಬಿಚ್ಚದೆಯೇ ಮಣ್ಣು ಮಾಡಿ ಬಂದಿದ್ದ. ಹದಿನೈದು ದಿನದ ಮೇಲೆ ಸೌಮ್ಯ, ಅಪ್ಪ ಒಬ್ಬನೇ ಇದ್ದಾಗ, ಮುಖ ಹೇಗಿತ್ತು ಎಂದು ಕೇಳಿದಳು. ಅವನು ನೋಡಿಯೇ ಇರಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಅಣ್ಣಮ್ಮ ಕಾಫಿ ಲೋಟ ಕೆಳಗಿಟ್ಟು ಬಂದ ವಿಷಯ ಹೇಳಿದಳು. ಸಂಕ್ರಾಂತಿಗೆ ಸೌಮ್ಯಳಿಗೆ ನರಿ ಮುಖ ತೋರಿಸಬೇಕು. ತಮ್ಮಪ್ಪ ಇರುವ ತನಕ ಒಂದು ವರ್ಷವೂ ತಪ್ಪಿರಲಿಲ್ಲ, ಆಗ ಈ ಮನೆಯಲ್ಲಿ ಯಾವ ಮಗು ಸತ್ತಿತ್ತು ಎಂದು ಕೇಳಿದಳು. ಕಾಲ ಬೇರೆ, ಫಾರೆಸ್ಟಿನವರಿಗೆ ಗೊತ್ತಾದರೆ ಮಾನ ಹೋಗುತ್ತದೆ ಎಂದು ಬೈರಣ್ಣ ಮೆಲ್ಲಗೆ ಅಂದ.

“ನೀನು ಕತ್ತರಿ ಅಟ್ಟಕ್ಕೆ ಹಾಕ್ದೆ,” ಎಂದಳು ಅಣ್ಣಮ್ಮ. “ನಮ್ಮನೆ ತೊಟ್ಟಿಲೂ ಅಟ್ಟಕ್ಕೆ ಹೋಯ್ತು.”

ಜಯನಗರದ ಡಾಕ್ಟರಮ್ಮ ಪ್ರತಿ ಸಲವೂ, ಸಂಬಂಧದಲ್ಲೇ ಮದುವೆಯಾ ಎಂದು ಕೇಳಿ ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಬಿಪಿ ಜಾಸ್ತಿ ಇದೆ, ವಾರಕ್ಕೊಮ್ಮೆ ತೋರಿಸಿ ಎಂದೂ ಹೇಳಿದ್ದರು. ಅದನ್ನೆಲ್ಲ ಅಣ್ಣಮ್ಮನ ಎದುರು ಎತ್ತುವ ಧೈರ್ಯ ಮರಿಯಮ್ಮನಿಗಿರಲಿಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡಿದಳು. ಬೈರಣ್ಣ ಅಟ್ಟದ ಕಡೆ ನೋಡುತ್ತಿದ್ದ.

ತುರಹಳ್ಳಿ ಕಾಡಿನ ಅಂಚಿನಲ್ಲಿ, ಒಂದು ಲೇಔಟಿನ ಕಾಂಪೌಂಡು ಮುಗಿಯುವ ಕಡೆ, ಹಳೆ ಕಲ್ಲುಗಣಿಯೂ ನೀಲಗಿರಿ ತೋಪೂ ಇದ್ದವು. ಕೋಳಿ ಅಂಗಡಿಗಳ ಕಸ ಅಲ್ಲಿಗೆ ಬಂದು ಬೀಳುತ್ತಿತ್ತು. ನರಿ ಊಳಿಡುವುದು ಕೇಳುತ್ತದೆ ಎಂದು ವಾಚ್‌ಮನ್ ಹೇಳಿದ. ಬೈರಣ್ಣ ಧೂಳಿನಲ್ಲಿ ಹೆಜ್ಜೆ ಹುಡುಕಿ, ನಾಯಿಯದಕ್ಕಿಂತ ಸಣ್ಣಗೆ ಉದ್ದಕ್ಕಿದ್ದ ಎರಡನ್ನು ಕಂಡ. ಜಾಗ ಸಿಕ್ಕಿತು. ಉಳಿದದ್ದು ಹಾಸು.

ಮನೆಯ ಎದುರೇ ಎಂ-ಸ್ಯಾಂಡ್ ರಾಶಿ ಬಿದ್ದಿತ್ತು. ಮೂಸಿದರೆ ಸಿಮೆಂಟು. ಒಂದು ತಟ್ಟೆಯಲ್ಲಿ ಹರಡಿ ಟೆರೇಸಿನಲ್ಲಿಟ್ಟ. ಬೆಳಿಗ್ಗೆ ಬೆರಳಿಟ್ಟರೆ ಕರಕರ ಎಂದಿತು. ಬೂದಿ ಒಳ್ಳೆಯದು, ಆದರೆ ಗ್ಯಾಸ್ ಬಂದ ಮನೆಯಲ್ಲಿ ಬೂದಿಯೆಲ್ಲಿ? ತಂದೂರಿ ಹೋಟೆಲಿನವರು ಒಂದು ಚೀಲ ಕೊಟ್ಟರು, ಅದಕ್ಕೆ ಕೋಳಿಯ ಜಿಡ್ಡಿನ ವಾಸನೆ. ನರ್ಸರಿಯಲ್ಲಿ ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯ ಹಾಗೆ ಒತ್ತಿ ಮಾರುತ್ತಿದ್ದರು. ಯಾವ ಗಿಡಕ್ಕೆ ಅಂಕಲ್, ಗುಲಾಬಿಗಾ ಎಂದು ಕೇಳಿದಳು ಅಲ್ಲಿಯ ಹುಡುಗಿ. ಬೈರಣ್ಣ ಹೂಂ ಎಂದ. ಒಣಗಿದ್ದಾಗ ಹತ್ತಿಯಂತಿದ್ದ ಆ ಪುಡಿ ಒಂದೇ ಇಬ್ಬನಿಗೆ ಉಬ್ಬಿ ಮುದ್ದೆಯಾಯಿತು. ಟೆರೇಸಿನಲ್ಲಿ ಸಾಲಾಗಿಟ್ಟ ತಟ್ಟೆಗಳನ್ನು ನೋಡಿ ಮರಿಯಮ್ಮ, ಸಂಡಿಗೆ ಇಟ್ಟ ಹಾಗಿದೆ ಎಂದಳು. ಈ ಸಲ ನಗಲಿಲ್ಲ.

ಕಡೆಗೆ ಹುತ್ತದ ಮಣ್ಣೇ ಆಗಬೇಕು ಎಂದಾಯಿತು. ಪಾಳು ಹುತ್ತ ಯಾವ ಲೇಔಟಿನಲ್ಲೂ ಉಳಿದಿರಲಿಲ್ಲ. ಎರಡನೆಯ ಕ್ರಾಸಿನ ಖಾಲಿ ಸೈಟಿನಲ್ಲಿ ಒಂದೇ ಒಂದಿತ್ತು, ಆಳೆತ್ತರ, ಮೈತುಂಬ ಅರಿಸಿನ ಕುಂಕುಮ, ಬುಡದಲ್ಲಿ ನಾಗರಕಲ್ಲು. ಬೈರಣ್ಣನ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಶರಣಮ್ಮ ಪ್ರತಿ ಸೋಮವಾರ ಕೆಲಸಕ್ಕೆ ಹೋಗುವ ಮೊದಲು ಅಲ್ಲಿಗೆ ಹಾಲೆರೆದು ಹೋಗುತ್ತಿದ್ದಳು. ಯಾದಗಿರಿಯ ಕಡೆಯವಳು, ಆಫೀಸೊಂದರಲ್ಲಿ ಹೌಸ್‌ಕೀಪಿಂಗ್. ಹುತ್ತದಲ್ಲಿ ಹಾವಿದೆಯೇ ಎಂದು ಬೈರಣ್ಣ ಅವಳನ್ನು ಕೇಳಿದ. ತಾನು ಮೂರು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ ಎಂದಳು. ಹಾಗಾದರೆ ಒಂದು ಬಕೆಟ್ ಮಣ್ಣು ತೆಗೆದರೆ ತಪ್ಪಿಲ್ಲವಲ್ಲ ಎಂದ.

“ನಾಗಪ್ಪ ಮನ್ಯಾಗ ಇಲ್ಲಂದ್ರ ಅದು ನಾಗಪ್ಪನ ಮನಿ ಅಲ್ಲೇನ್ರಿ ಯಜಮಾನ್ರ?” ಎಂದಳು ಶರಣಮ್ಮ. “ನೀವ್ ಊರಿಗೆ ಹೋದಾಗ ನಿಮ್ ಗ್ವಾಡಿ ಕೆಡವಿದ್ರ ಸುಮ್ನಿರ್ತೀರೇನು?”

ಬೈರಣ್ಣ ಎರಡು ದಿನ ಹುತ್ತದ ಕಡೆ ಹೋಗಲಿಲ್ಲ. ಮೂರನೆಯ ದಿನ ಸ್ನಾನ ಮಾಡಿ, ಅರ್ಧ ಲೀಟರ್ ಹಾಲು, ಎರಡು ಮೊಟ್ಟೆ, ಅರಿಸಿನ, ಗಂಧದಕಡ್ಡಿ ತೆಗೆದುಕೊಂಡು ಹೋದ. ಮಗಳ ಹೊಟ್ಟೆ ಕಾಯಪ್ಪ ಎಂದು ಹಾಲು ಸುರಿದ, ಮೊಟ್ಟೆ ಒಡೆದ, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡ. ಆಮೇಲೆ ಹಿಂದಿನ ಒಣ ಮಗ್ಗುಲಿನಿಂದ ಒಂದು ಬಕೆಟ್ ಅಗೆದ. ಅಭ್ಯಾಸದಂತೆ ಒಂದು ಚಿಟಿಕೆ ಮೂಗಿಗೆ ಹಿಡಿದ. ಕೈಯಲ್ಲೆಲ್ಲ ಹಾಲು, ಅರಿಸಿನ, ಗಂಧ. ಮಣ್ಣಿನ ವಾಸನೆ ಯಾವುದು, ಕೈಯ ವಾಸನೆ ಯಾವುದು ಎಂದು ತಿಳಿಯಲಿಲ್ಲ. ದೇವರ ಕೆಲಸ ಮಾಡಿದ ಕೈ, ಆ ವಾಸನೆ ಇದ್ದೇ ಇರುತ್ತದೆ ಅಂದುಕೊಂಡ. ಅರವತ್ತು ವರ್ಷ ಮೋಸ ಮಾಡದ ಮೂಗು ಅವತ್ತು ದೇವರೆದುರು ಸುಮ್ಮನಾಯಿತು.

ಮಣ್ಣು ಹಿಟ್ಟಿನ ಹಾಗೆ ಜರಡಿಯಿಂದ ಇಳಿಯಿತು. ಬಿಸಿಲಿಗೆ ನಾಲ್ಕು ದಿನ ಒಣಗಿಸಿ, ಸಾಲದೆಂದು ಬಾಂಡ್ಲಿಯಲ್ಲಿ ಹಾಕಿ ಗ್ಯಾಸಿನ ಮೇಲಿಟ್ಟ. ಪಾಯಸ ಸೀದ ಹಾಗೆ ಏನೋ ವಾಸನೆ ಬರುತ್ತಿದೆ ಎಂದು ಮರಿಯಮ್ಮ ಒಳಗಿನಿಂದ ಕೂಗಿ ಹೇಳಿದಳು. ಬಾಂಡ್ಲಿಯದು ಎಂದ ಬೈರಣ್ಣ.

ಹಬ್ಬಕ್ಕೆ ಎರಡು ದಿನವಿದ್ದಾಗ ಮಧ್ಯಾಹ್ನ ನೀಲಗಿರಿ ತೋಪಿಗೆ ಹೋದ. ಕತ್ತರಿಯ ದವಡೆಗೆ ಸೌಮ್ಯಳ ಹಳೆಯ ಲಂಗ ಸುತ್ತಿದ್ದ. ಮೂವತ್ತೈದು ವರ್ಷವಾದರೂ ಕೈ ಮರೆತಿರಲಿಲ್ಲ. ಗುಂಡಿ ತೋಡಿ, ಕತ್ತರಿ ಕೂರಿಸಿ, ಮುಷ್ಟಿಯಿಂದ ಹಾಸನ್ನು ಸಣ್ಣಗೆ ಉದುರಿಸಿ, ಬೆರಳ ಹಿಂಬದಿಯಿಂದ ಸವರಿ ಎದ್ದು ನಿಂತರೆ ತನಗೇ ಜಾಗ ಕಾಣದಷ್ಟು ಚೆನ್ನಾಗಿ ಬಿದ್ದಿತ್ತು. ಅಪ್ಪ ನೋಡಬೇಕಿತ್ತು ಅಂದುಕೊಂಡ. ಮೂರು ಜನ್ಮದ ಪಾಪ ಕಳೆದ ಹಾಗೆ ಅವನಿಗೆ ಹಗುರವಾಯಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬುಟ್ಟಿ ಹಿಡಿದುಕೊಂಡು ಹೋದ. ಕತ್ತರಿಯಲ್ಲಿದ್ದುದು ನಾಯಿ. ಕಂದು ಬಣ್ಣದ ಬೀದಿನಾಯಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತುಂಬಿದ ಬಸುರಿ. ಮುಂಗಾಲು ಮಣಿಕಟ್ಟಿನ ಮೇಲೆ ಮುರಿದು ಓರೆಯಾಗಿ ತೂಗುತ್ತಿತ್ತು. ಅದು ಬೊಗಳಲಿಲ್ಲ, ಹಲ್ಲು ಕಿರಿಯಲಿಲ್ಲ. ತಲೆ ಬಗ್ಗಿಸಿ ಸುತ್ತಲಿನ ಹಾಸನ್ನು ನೆಕ್ಕುತ್ತಿತ್ತು.

ಬೈರಣ್ಣ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಎತ್ತಿದ. ಮಣ್ಣು ರೊಟ್ಟಿಯಾಗಿತ್ತು. ಮೂಗಿಗೆ ಹಿಡಿದ. ಹಳಸಿದ ಹಾಲು, ಮೊಟ್ಟೆ, ತುಪ್ಪ. ಎಷ್ಟು ವರ್ಷದ ಸೋಮವಾರಗಳೋ, ಎಷ್ಟು ಹೆಂಗಸರ ಹರಕೆಯೋ. ಹಾಲು ಕುಡಿದ ಮಣ್ಣು ಇಬ್ಬನಿಯನ್ನೂ ಕುಡಿದಿತ್ತು. ಹಸಿದ ಬಸುರಿ ಆ ವಾಸನೆ ಹಿಡಿದು ಬಂದಿತ್ತು.

ಅದನ್ನು ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಪ್ರಾಣಿಗಳ ಆಸ್ಪತ್ರೆಗೆ ಒಯ್ದ. ಗಾಡಿಗೆ ಸಿಕ್ಕಿತ್ತು ಎಂದು ಸುಳ್ಳು ಹೇಳಿದ. ಅವರು ಕಾಲಿಗೆ ಪಟ್ಟಿ ಹಾಕಿ, ಇವತ್ತೋ ನಾಳೆಯೋ ಮರಿ ಹಾಕುತ್ತದೆ, ರಕ್ತ ತುಂಬ ಹೋಗಿದೆ, ತಾಯಿ ಉಳಿಯುವ ಭರವಸೆ ಇಲ್ಲ ಎಂದರು. ಮನೆಗೆ ತಂದು ಮೆಟ್ಟಿಲ ಕೆಳಗೆ ಹಳೆ ಕಂಬಳಿ ಹಾಕಿ ಮಲಗಿಸಿದ. ಶರಣಮ್ಮ ಇಳಿದು ಬಂದು ನೋಡಿ ಹಾಲು ತಂದಿಟ್ಟಳು. ಬೈರಣ್ಣ ಮೂಲೆಯಲ್ಲಿ ಕೂತು ಒಂದೇ ಸಮನೆ ಹೇಳಿಕೊಳ್ಳುತ್ತಿದ್ದ: ಪಾಳು ಹುತ್ತ ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ, ಹಾಸು ಸರಿಯಾಗಿದ್ದರೆ ಕಾಲು ಮುರಿಯುತ್ತಿರಲಿಲ್ಲ, ಅವತ್ತೂ ಹಾಗೇ ಆಯಿತು, ಇವತ್ತೂ ಹಾಗೇ.

ಮರಿಯಮ್ಮ ರಕ್ತದ ಗೋಣಿಯನ್ನು ಮಡಿಸುತ್ತಿದ್ದವಳು ನಿಲ್ಲಿಸಿದಳು.

“ಹಾಸು ಹಾಕಿದ್ದು ನರಿಗಲ್ಲ, ಕತ್ತರಿ ಮುಚ್ಚಿಡೋಕೆ,” ಎಂದಳು. “ಇಷ್ಟು ವರ್ಷ ಆಯ್ತು, ಅದೊಂದು ನಿಮಗೆ ತಿಳೀಲಿಲ್ಲ.”

ಸಂಕ್ರಾಂತಿಯ ಬೆಳಿಗ್ಗೆ ಎಳ್ಳುಬೆಲ್ಲದ ಡಬ್ಬಿ ಹಿಡಿದು ಅಣ್ಣಮ್ಮ, ನಂದಕುಮಾರ, ಸೌಮ್ಯ ಕಾರಿನಲ್ಲಿ ಬಂದರು. ಬೇಡವೆಂದು ಫೋನ್ ಮಾಡಲು ಬೈರಣ್ಣನಿಗೆ ಬಾಯಿ ಬಂದಿರಲಿಲ್ಲ. ಸೌಮ್ಯಳ ಕಾಲು ಊದಿ ಚಪ್ಪಲಿಯ ಪಟ್ಟಿ ಬಿಗಿದಿತ್ತು. ನರಿ ಎಲ್ಲಿ ಎಂದು ಅಣ್ಣಮ್ಮ ಪಿಸುಗುಟ್ಟಿದಳು. ಸಿಕ್ಕಲಿಲ್ಲ, ನಾಯಿ ಸಿಕ್ಕಿತು ಎಂದ. ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಕುಂಯ್‌ಗುಟ್ಟುವ ಸದ್ದು ಬಂತು. ಬೆಳಗಿನ ಜಾವ ಐದು ಮರಿ ಹುಟ್ಟಿದ್ದವು, ಮೂರು ಆಗಲೇ ತಣ್ಣಗಾಗಿದ್ದವು. ಅಣ್ಣಮ್ಮ ಓಡಿ ಬಂದು ಸೊಸೆಯ ಕಣ್ಣಿಗೆ ಸೆರಗು ಮುಚ್ಚಿದಳು.

ಸೌಮ್ಯ ಸೆರಗನ್ನು ಸರಿಸಿದಳು. “ಅತ್ತೆ, ನೋಡ್ತೀನಿ ಬಿಡಿ,” ಎಂದಳು. ಕಷ್ಟಪಟ್ಟು ಬಗ್ಗಿ, ಗೋಡೆ ಹಿಡಿದು, ಆ ನಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ನಾಯಿಯೂ ಅವಳನ್ನು ನೋಡಿತು. ಸತ್ತ ಮೂರನ್ನೂ ಅದು ನೆಕ್ಕುತ್ತಲೇ ಇತ್ತು. ಯಾರೂ ಅವನ್ನು ಅದರಿಂದ ತೆಗೆದಿರಲಿಲ್ಲ.

ನಂದಕುಮಾರ ಕಾರು ತಿರುಗಿಸಿದ. ಹೋಗುವಾಗ ಅಣ್ಣಮ್ಮ ಕಿಟಕಿಯಿಂದಲೇ, ಹಬ್ಬದ ದಿನ ನನ್ನ ಸೊಸೆಗೆ ಎಂಥ ಮುಖ ತೋರಿಸಿದೆಯೋ ತಮ್ಮಾ ಎಂದಳು. ತಾಯಿನಾಯಿ ಮೂರನೆಯ ದಿನ ಸತ್ತಿತು. ಉಳಿದ ಎರಡು ಮರಿಗಳಿಗೆ ಶರಣಮ್ಮ ಹತ್ತಿಯ ಬತ್ತಿಯಲ್ಲಿ ಹಾಲು ಹಿಂಡುತ್ತಿದ್ದಳು. ಅದರ ಮುಂದಿನ ವಾರ ಒಂದೇ ಉಳಿಯಿತು. ಬೈರಣ್ಣ ಕತ್ತರಿಯನ್ನು ಗುಜರಿಯವನಿಗೆ ಹಾಕಲು ಹೋಗಿ, ಅವನು ಬೇರೆ ಯಾರಿಗಾದರೂ ಮಾರಿದರೆ ಎಂದು ವಾಪಸ್ ತಂದು, ಟೆರೇಸಿನಲ್ಲಿ ಕೂತು ಸುತ್ತಿಗೆಯಿಂದ ಅದರ ಕೀಲುಗಳನ್ನು ಒಂದೊಂದಾಗಿ ಒಡೆದ. ಒಂದು ದಿನವಿಡೀ ಹಿಡಿಯಿತು.

ಫೆಬ್ರವರಿ ಮೊದಲ ವಾರ ನಂದಕುಮಾರನ ಫೋನ್ ಬಂತು. ಬೆಳಗಿನಿಂದ ಮಗು ಅಲುಗಾಡುತ್ತಿಲ್ಲ, ಬನ್ನಿ ಮಾವ ಎಂದ. ಬೈರಣ್ಣ, ಮರಿಯಮ್ಮ ಜಯನಗರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಿಪಿ ಏರಿ ಮಗುವಿಗೆ ರಕ್ತ ಹೋಗುವುದು ನಿಂತಿದೆ, ಹೊಟ್ಟೆಯಲ್ಲೇ ಹೋಗಿದೆ, ಇದಕ್ಕೆ ಯಾರ ತಪ್ಪೂ ಇಲ್ಲ ಎಂದು ಡಾಕ್ಟರಮ್ಮ ಕಾರಿಡಾರಿನಲ್ಲಿ ನಿಂತು ನಿಧಾನವಾಗಿ ಹೇಳಿದರು. ರಾತ್ರಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಅಣ್ಣಮ್ಮ ಬೆಂಚಿನ ಮೇಲೆ ಕೂತು ಗೋಡೆಗೆ ಹೇಳುತ್ತಿದ್ದಳು, ನಾಯಿ ಮುಖ, ನಾಯಿ ಮುಖ ಎಂದು. ಬೈರಣ್ಣನಿಗೆ ಅನ್ನಿಸಿದ್ದು ಇಷ್ಟೇ: ಡಾಕ್ಟರಮ್ಮ ಹೇಳಿದ್ದು ನಿಜವಿರಬಹುದು, ಅಕ್ಕ ಹೇಳಿದ್ದೂ ನಿಜವಿರಬಹುದು. ಎರಡರಲ್ಲಿ ಯಾವುದೂ ಮಗುವನ್ನು ತರುವುದಿಲ್ಲ.

ನರ್ಸ್ ಬಿಳಿ ಬಟ್ಟೆಯ ಗಂಟನ್ನು ತಂದಳು. ತಾಯಿ ಕೇಳುತ್ತಿದ್ದಾರೆ, ತೋರಿಸುವುದಾ ಎಂದಳು. ಬೇಡ ಎಂದು ಅಣ್ಣಮ್ಮ ಎದ್ದು ನಿಂತಳು. ನಂದಕುಮಾರ ಮುಖ ತಿರುಗಿಸಿದ. ಹೋದ ಸಲದಂತೆಯೇ ಎಲ್ಲರ ಕಣ್ಣೂ ಬೈರಣ್ಣನ ಕೈಗಳ ಮೇಲೆ ಬಿದ್ದವು. ಅವನು ಕೈ ಚಾಚಿ ಗಂಟನ್ನು ತೆಗೆದುಕೊಂಡ. ಬನಶಂಕರಿಯ ಕಡೆಗೆ ಹೋಗುವ ಬಾಗಿಲಿಗೆ ತಿರುಗಲಿಲ್ಲ. ಅಲ್ಲೇ ನಿಂತು ಬಟ್ಟೆಯ ಅಂಚನ್ನು ಸರಿಸಿ ನೋಡಿದ. ಮೊದಲನೆಯ ಸಲ ನೋಡಬೇಕಿದ್ದುದನ್ನೂ, ಎರಡನೆಯ ಸಲ ನೋಡಬೇಕಿದ್ದುದನ್ನೂ ಸೇರಿಸಿ ನೋಡಿದ.

“ಬೇಡ ಕಣೋ, ಕಟ್ಕೊಳ್ತದೆ,” ಎಂದಳು ಅಣ್ಣಮ್ಮ.

“ಕಟ್ಕೊಳ್ಳಲಿ ಅಕ್ಕ,” ಎಂದ.

ಒಳಗೆ ಸೌಮ್ಯ ದಿಂಬಿಗೆ ಒರಗಿದ್ದಳು. ಅವಳ ಕೈಗೆ ಇನ್ನೂ ಸೂಜಿ ಚುಚ್ಚಿತ್ತು. ಅಪ್ಪನನ್ನೂ ಅವನ ತೋಳಿನಲ್ಲಿದ್ದುದನ್ನೂ ನೋಡಿದವಳು ಕಣ್ಣು ಕೀಳಲಿಲ್ಲ.

“ಹೇಗಿದೆ ಅಪ್ಪ?” ಎಂದಳು.

“ಮೂಗು ನಿನ್ನದು,” ಎಂದ ಬೈರಣ್ಣ. “ಹಣೆ ನಮ್ಮಪ್ಪಂದು. ಅಗಲ. ನೀನೇ ನೋಡಮ್ಮ.”

ಆಸ್ಪತ್ರೆಯ ಹಾಸಿಗೆಯ ರಬ್ಬರು ಶೀಟು ತಣ್ಣಗಿತ್ತು. ಅವನು ಹೆಗಲ ಮೇಲಿನ ಟವೆಲನ್ನು ಎಳೆದು, ನಾಲ್ಕು ಮಡಿಕೆ ಮಾಡಿ ಮಗಳ ಮಡಿಲಲ್ಲಿ ಹಾಸಿದ. ಸುಕ್ಕು ತೆಗೆದ. ಮಗುವನ್ನು ಇಡುವ ಮೊದಲು ಅದರ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ. ಒಣಗಿತ್ತು.